ಮುರಿದುಕೊಂಡು ಕೊಟ್ಟ ಬಾಡಿಗೆಗೆ ಲೆಕ್ಕ ಕೇಳಿ

ಸೋಲದೇವನಹಳ್ಳಿಯಲ್ಲಿ ಈಗ ಬಾಡಿಗೆಯೇ ಬೆಳೆ. ಹೆಸರಘಟ್ಟ ರಸ್ತೆಯ ಆಸುಪಾಸಿನ ಹೊಲಗಳು ಒಂದೊಂದಾಗಿ ಲೇಔಟುಗಳಾದವು. ಆಚಾರ್ಯ ವಿದ್ಯಾಸಂಸ್ಥೆಗಳ ಕ್ಯಾಂಪಸ್ಸು ಬೆಳೆಯಿತು. ಅದರ ಸುತ್ತ ಪಿ.ಜಿ.ಗಳು, ಒಂದು ಕೋಣೆಯ ಮನೆಗಳು, ಎರಡು ಬೆಡ್‌ರೂಮಿನ ಫ್ಲ್ಯಾಟುಗಳು ಎದ್ದವು. ಕೇರಳ, ಈಶಾನ್ಯ ರಾಜ್ಯಗಳು, ನೇಪಾಳ, ಆಫ್ರಿಕಾದ ದೇಶಗಳು ಹೀಗೆ ಎಲ್ಲೆಲ್ಲಿಂದಲೋ ಓದಲು ಬರುವ ಹುಡುಗ ಹುಡುಗಿಯರು ಕಾಲೇಜು ಶುರುವಾಗುವ ಹೊತ್ತಿಗೆ ಮನೆ ಹುಡುಕುತ್ತಾರೆ, ಕೋರ್ಸು ಮುಗಿಯುತ್ತಲೇ ಖಾಲಿ ಮಾಡುತ್ತಾರೆ. ಬಾಡಿಗೆದಾರರು ಇಷ್ಟು ಬೇಗ ಬದಲಾಗುವ ಕಡೆ ಬ್ರೋಕರ್ ಇಲ್ಲದೆ ನಡೆಯುವುದು ಕಷ್ಟ. ಕೆಳಗಿನ ಮನೆಯಲ್ಲೇ ಇರುವ ಓನರ್ ಹೇಗೋ ನಿಭಾಯಿಸಿಯಾನು. ಹಾಸನದಲ್ಲೋ ದುಬೈಯಲ್ಲೋ ಕೂತು, ಸಾಲ ಮಾಡಿ ಕೊಂಡ ಫ್ಲ್ಯಾಟಿನ ಬಾಡಿಗೆಯಲ್ಲೇ ಕಂತು ಕಟ್ಟುವವರು ಎಲ್ಲದಕ್ಕೂ ಬ್ರೋಕರನ್ನೇ ನಂಬಬೇಕು.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 14,000 ರೂಪಾಯಿ. ಹಳಬರು ಖಾಲಿ ಮಾಡಿ ಹೊಸಬರು ಬಂದು ಎರಡು ತಿಂಗಳಾಯಿತು, 28,000 ಬರಬೇಕು. ಓನರ್ ಖಾತೆಗೆ ಬಿದ್ದದ್ದು 6,250. ಫೋನ್ ಮಾಡಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚೀಟಿ ಬರುತ್ತದೆ: ಪೇಂಟಿಂಗ್ 14,000, ಕ್ಲೀನಿಂಗ್ 3,500, ಪ್ಲಂಬರ್ 1,800, ಅಗ್ರಿಮೆಂಟ್ 1,500, ಇತರೆ 950. ಬಿಲ್ಲು ಎಲ್ಲಿ ಅಂದರೆ, 'ಪೇಂಟರ್ ಎಲ್ಲಾದ್ರೂ ಬಿಲ್ ಕೊಡ್ತಾನಾ ಅಣ್ಣಾ? ನನ್ ಮೇಲೆ ನಂಬಿಕೆ ಇಲ್ವಾ?' ಅಲ್ಲಿಗೆ ಮಾತು ಮುಗಿಯಿತು. ನಂಬಿಕೆ ಇಲ್ಲ ಎಂದು ಬಾಯಿಬಿಟ್ಟು ಹೇಳಲು ನಮ್ಮ ಜನಕ್ಕೆ ಸಂಕೋಚ. ಮುಂದಿನ ಬಾಡಿಗೆದಾರನನ್ನು ತರಬೇಕಾದವನೂ ಅವನೇ ಅಲ್ಲವೆ!

ಊಹೆಯ ಚೀಟಿಯಾದರೂ ಇದರಲ್ಲಿರುವ ಬಾಬತ್ತುಗಳು ಉತ್ತರ ಬೆಂಗಳೂರಿನ ಯಾವ ಓನರ್‌ಗೂ ಹೊಸವಲ್ಲ. ಮೊತ್ತ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಹಣವನ್ನು ಮೊದಲು ಮುರಿದುಕೊಂಡು ಆಮೇಲೆ ಕಾರಣ ಹೇಳಿದ್ದು ಮೊದಲನೆಯದು. ಬಾಡಿಗೆ ಬ್ರೋಕರನ ಖಾತೆಯ ಮೂಲಕ ಬರುವವರೆಗೂ ತಕರಾರು ಮಾಡುವ ಕಷ್ಟ ಓನರ್‌ನದು, ಹಣ ಇಟ್ಟುಕೊಂಡು ಕಾಯುವ ಸುಖ ಬ್ರೋಕರನದು. ಕಾನೂನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ.

ಮನೆ ತೋರಿಸಿ, ಬಾಡಿಗೆ ವಸೂಲಿ ಮಾಡಿ, ರಿಪೇರಿ ನೋಡಿಕೊಳ್ಳುವವನು ಕಾನೂನಿನ ಕಣ್ಣಲ್ಲಿ ಓನರ್‌ನ ಏಜೆಂಟ್. ಅವನಿಗೆ ಆಫೀಸು ಇರಲಿ, ಬರೀ ಮೊಬೈಲ್ ಇರಲಿ, ಬರವಣಿಗೆಯ ಕರಾರು ಇರಲಿ ಇಲ್ಲದಿರಲಿ, 1872ರ ಭಾರತೀಯ ಕರಾರು ಕಾಯ್ದೆ ಅವನಿಗೆ ಅನ್ವಯಿಸುತ್ತದೆ. ಒಂದೂವರೆ ಶತಮಾನ ದಾಟಿದ ಈ ಕಾಯ್ದೆಯ ಕೆಲವು ಸೆಕ್ಷನ್ನುಗಳನ್ನು ಓದಿದರೆ ಸೋಲದೇವನಹಳ್ಳಿಯ ಓನರುಗಳಿಗಾಗಿಯೇ ಬರೆದಂತಿದೆ. 213ನೇ ಸೆಕ್ಷನ್: ಕೇಳಿದಾಗ ಮಾಲೀಕನಿಗೆ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟನ ಕರ್ತವ್ಯ. 218: ಮಾಲೀಕನ ಪರವಾಗಿ ಬಂದ ಹಣವನ್ನೆಲ್ಲ ಅವನಿಗೆ ಕೊಡಬೇಕು. ಹಾಗಾದರೆ ಖರ್ಚು ಮುರಿದುಕೊಳ್ಳಲೇಬಾರದೇ? ಮುರಿದುಕೊಳ್ಳಬಹುದು, ಅದಕ್ಕೆ 217ನೇ ಸೆಕ್ಷನ್ ಇದೆ. ತನ್ನ ಸಂಭಾವನೆಯನ್ನೂ ಕೆಲಸಕ್ಕಾಗಿ ಯೋಗ್ಯ ರೀತಿಯಲ್ಲಿ ಮಾಡಿದ ಖರ್ಚನ್ನೂ ಏಜೆಂಟ್ ಹಿಡಿದುಕೊಳ್ಳಬಹುದು. ಇಡೀ ಜಗಳ ನಿಂತಿರುವುದು ಆ 'ಯೋಗ್ಯ ರೀತಿ'ಯ ಮೇಲೆ. ಖರ್ಚು ನಿಜವಾಗಿ ಆಗಿತ್ತೇ, ಬೇಕಿತ್ತೇ, ಎಷ್ಟಾಯಿತು ಎಂದು ತೋರಿಸಬೇಕಾದವನು ಖರ್ಚು ಮಾಡಿದವನು. ಪೇಂಟರ್ ಯಾರು, ಎಷ್ಟು ಕೊಟ್ಟೆ ಎಂಬುದು ಬ್ರೋಕರನಿಗೆ ಮಾತ್ರ ಗೊತ್ತಿರುವ ಸಂಗತಿ. 'ಆ ಖರ್ಚು ಆಗಿಲ್ಲ ಅಂತ ನೀವೇ ಸಾಬೀತು ಮಾಡಿ' ಎಂದು ಅವನು ಸವಾಲು ಹಾಕಿದರೆ ನಕ್ಕು ಸುಮ್ಮನಾಗಿ, ಲೆಕ್ಕ ಕೇಳುವುದನ್ನು ಮಾತ್ರ ಬಿಡಬೇಡಿ.

ಏಜೆಂಟನ ಕಷ್ಟವನ್ನೂ ಕಾಯ್ದೆ ಮರೆತಿಲ್ಲ. ರಾತ್ರಿ ಎರಡು ಗಂಟೆಗೆ ಓವರ್‌ಹೆಡ್ ಟ್ಯಾಂಕಿನ ಪೈಪು ಒಡೆದು ಕೆಳಗಿನ ಮನೆಗೆ ನೀರು ಸೋರುತ್ತಿದ್ದರೆ ದುಬೈಗೆ ಫೋನ್ ಮಾಡಿ ಅಪ್ಪಣೆ ಕೇಳಲು ಆಗುವುದಿಲ್ಲ. ಅಂಥ ತುರ್ತಿನಲ್ಲಿ, ತನ್ನದೇ ಮನೆಯಾಗಿದ್ದರೆ ಸಾಮಾನ್ಯ ವಿವೇಕದ ಮನುಷ್ಯ ಏನು ಮಾಡುತ್ತಿದ್ದನೋ ಅದನ್ನು ಏಜೆಂಟ್ ಮಾಡಬಹುದು ಎನ್ನುತ್ತದೆ 189ನೇ ಸೆಕ್ಷನ್. ಪೈಪಿಗೆ ಈ ಮಾತು ಒಪ್ಪುತ್ತದೆ. ಪೇಂಟಿಂಗಿಗೆ ಒಪ್ಪುವುದಿಲ್ಲ. ಗೋಡೆಯ ಬಣ್ಣ ರಾತ್ರೋರಾತ್ರಿ ಯಾರನ್ನೂ ಮುಳುಗಿಸದು.

ಪೇಂಟಿಂಗ್ ವಿಷಯ ಬಂದದ್ದರಿಂದ ಸ್ವಲ್ಪ ನಿಲ್ಲೋಣ, ಏಕೆಂದರೆ ಬೆಂಗಳೂರಿನ ಬಾಡಿಗೆ ವ್ಯವಹಾರದಲ್ಲಿ ಹೆಚ್ಚು ಕಣ್ಣುಕಟ್ಟು ನಡೆಯಲು ಆಸ್ಪದ ಇರುವುದು ಇಲ್ಲೇ. ಮನೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಈ ಊರಿನ ರೂಢಿ. ಕಾನೂನಲ್ಲಿಲ್ಲದಿದ್ದರೂ ಅಗ್ರಿಮೆಂಟಿನಲ್ಲಿ ಇರುತ್ತದೆ. ಈಗ ಮೇಲಿನ ಚೀಟಿಯನ್ನು ಮತ್ತೆ ನೋಡಿ: ಬಾಡಿಗೆ 14,000, ಪೇಂಟಿಂಗ್ ಕೂಡ 14,000. ಅಡ್ವಾನ್ಸು ಬ್ರೋಕರನ ಕೈಯಲ್ಲೇ ಇದ್ದರೆ, ಖಾಲಿ ಮಾಡಿದ ಹುಡುಗರಿಂದ ಆ ಹಣವನ್ನು ಅವನು ಆಗಲೇ ಹಿಡಿದುಕೊಂಡಿರುತ್ತಾನೆ. ಅದೇ ಗೋಡೆಗೆ, ಅದೇ ಡಬ್ಬಿ ಬಣ್ಣಕ್ಕೆ ಓನರ್‌ನ ಬಾಡಿಗೆಯಲ್ಲಿ ಎರಡನೇ ಸಲ ಮುರಿದುಕೊಳ್ಳುತ್ತಾನೆ. ಹುಡುಗರು ಓನರ್‌ನನ್ನು ಬೈದುಕೊಂಡು ಊರು ಬಿಡುತ್ತಾರೆ, ಓನರ್ ಹುಡುಗರನ್ನು ಬೈದುಕೊಂಡು ಬಾಕಿ ಎಣಿಸುತ್ತಾನೆ. ಇಬ್ಬರೂ ಒಂದೇ ಒಂದು ಸಲ ನೇರವಾಗಿ ಮಾತಾಡಿದ್ದರೆ ಸತ್ಯ ಹೊರಬೀಳುತ್ತಿತ್ತು. ಓನರ್ ಮತ್ತು ಬಾಡಿಗೆದಾರ ಒಬ್ಬರ ನಂಬರ್ ಒಬ್ಬರಿಗೆ ಗೊತ್ತಿಲ್ಲದ ಹಾಗೆ ನೋಡಿಕೊಳ್ಳುವ ಬ್ರೋಕರ್ ಇದ್ದರೆ ಅವನ ಉಳಿದ ಲೆಕ್ಕಗಳನ್ನೂ ತೆಗೆಸಿ ನೋಡಿ.

ಪೇಂಟರ್ ಬ್ರೋಕರನ ಭಾವಮೈದನೋ ಸ್ವತಃ ಬ್ರೋಕರನ ಪಾಲುದಾರನೋ ಆಗಿರುವುದೂ ಉಂಟು. ಅದು ತಪ್ಪೇ? ತಿಳಿಸಿ ಮಾಡಿದರೆ ತಪ್ಪಲ್ಲ. ಮಾಲೀಕನಿಗೆ ತಿಳಿಯದಂತೆ ಏಜೆಂಟ್ ತನ್ನದೇ ಲಾಭಕ್ಕೆ ವ್ಯವಹಾರ ಕುದುರಿಸಿದರೆ, ಆ ಲಾಭವನ್ನು ಮಾಲೀಕ ಕೇಳಿ ಪಡೆಯಬಹುದು ಎನ್ನುತ್ತದೆ 216ನೇ ಸೆಕ್ಷನ್. ಪ್ಲಂಬರ್‌ಗೆ 1,200 ಕೊಟ್ಟು ಚೀಟಿಯಲ್ಲಿ 1,800 ಎಂದು ಬರೆಯುವ ಅಭ್ಯಾಸಕ್ಕೆ ಈ ಉತ್ತರ ಸಾಕು.

ಇನ್ನು ನೀರು. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಈ ಸೋಲದೇವನಹಳ್ಳಿಯ ಮೂಲಕ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಲ್ಲಿಗೆ ಹರಿದು ಬರುತ್ತಿತ್ತು. ಇಲ್ಲಿನ ಪಂಪ್‌ಹೌಸಿನ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದತ್ತ ಏರಿಸುತ್ತಿದ್ದವು. ಅಂಥ ಊರಿನ ಬಾಡಿಗೆ ಚೀಟಿಯಲ್ಲೂ ಬೇಸಿಗೆಯಲ್ಲಿ 'ಟ್ಯಾಂಕರ್' ಎಂಬ ಬಾಬತ್ತು ಕಾಣಿಸಿಕೊಳ್ಳುತ್ತದೆ. ಟ್ಯಾಂಕರ್ ಬಂದು ನೀರು ಸುರಿದು ಹೋದ ಮೇಲೆ ಎಷ್ಟು ಲೋಡು, ಎಷ್ಟು ಲೀಟರು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಆದರೂ ತಾಳೆ ನೋಡಲು ದಾರಿ ಇಲ್ಲದಿಲ್ಲ. 2024ರ ಬರದ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿತ್ತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ನಾಲ್ಕು ತಿಂಗಳ ಮಟ್ಟಿಗೆ ಮಾಡಿದ್ದ ಆ ದರ ಈಗ ಹಳೆಯದು. ಆದರೆ ಆ ಬೇಸಿಗೆಯ ಬಾಕಿ ಇನ್ನೂ ಜಗಳದಲ್ಲಿದ್ದರೆ, ಚೀಟಿಯ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ದೂರು ಕೊಡಲು ಹೊರಟವರು ಮೊದಲು ಹೋಗುವುದು ಸಾಮಾನ್ಯವಾಗಿ ತಪ್ಪು ಬಾಗಿಲಿಗೆ. ರೇರಾಕ್ಕೆ ಹೋಗುತ್ತೇನೆ ಎಂದು ಹೆದರಿಸುವವರಿದ್ದಾರೆ. ರೇರಾ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಏಜೆಂಟರನ್ನು ನೋಂದಾಯಿಸಿಕೊಳ್ಳುವುದು ಹೊಸ ಪ್ರಾಜೆಕ್ಟುಗಳ ಸೈಟು, ಫ್ಲ್ಯಾಟುಗಳ ಮಾರಾಟಕ್ಕಾಗಿ. ಬಾಡಿಗೆ ಬ್ರೋಕರ್ ಅದರೊಳಗೆ ಬರುವುದಿಲ್ಲ. ರಾಜ್ಯದ 1999ರ ಬಾಡಿಗೆ ಕಾಯ್ದೆಯೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿದೆ. ಆ ಬಾಡಿಗೆಗೆ ಸೋಲದೇವನಹಳ್ಳಿಯಲ್ಲಿ ಈಗ ಪಿ.ಜಿ.ಯ ಹಾಸಿಗೆಯೂ ಸಿಗುವುದು ಅನುಮಾನ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಪ್ರಾಪರ್ಟಿ ಮ್ಯಾನೇಜರ್ ಎಂಬುವನಿಗೆ ಜಾಗವಿದೆ, ಅವನ ಕೆಲಸಗಳ ಪಟ್ಟಿ ಇದೆ. ಆದರೆ ಅದು ಮಾದರಿ. ರಾಜ್ಯ ತನ್ನದೆಂದು ಜಾರಿಗೆ ತಂದಾಗಲೇ ಅದಕ್ಕೆ ಬಲ.

ಬೇರೆ ದೇಶಗಳೂ ಇದನ್ನು ಸುಲಭವಾಗಿ ಬಗೆಹರಿಸಿಕೊಂಡಿಲ್ಲ. ಲಂಡನ್ನಿನ ದೊಡ್ಡ ಏಜೆನ್ಸಿ ಫಾಕ್ಸ್‌ಟನ್ಸ್ ಒಮ್ಮೆ ಬಾಡಿಗೆದಾರನನ್ನು ತಂದುಕೊಟ್ಟ ಮೇಲೆ, ಅವನು ಕರಾರು ಮುಂದುವರಿಸಿದಾಗಲೆಲ್ಲ ಮಾಲೀಕರಿಂದ ಕಮಿಷನ್ ಕೇಳುತ್ತಿತ್ತು, ಮುಂದುವರಿಕೆಯಲ್ಲಿ ತನ್ನ ಪಾತ್ರ ಇರಲಿ ಬಿಡಲಿ. ಅಲ್ಲಿನ ಸರ್ಕಾರಿ ವ್ಯಾಪಾರ ನಿಗಾ ಕಚೇರಿಯೇ ಕೋರ್ಟಿಗೆ ಹೋಯಿತು. ಸಣ್ಣ ಅಕ್ಷರಗಳಲ್ಲಿ ಹುದುಗಿಸಿದ ಆ ಷರತ್ತುಗಳು ನ್ಯಾಯಸಮ್ಮತವಲ್ಲ ಎಂದು 2009ರ ಜುಲೈನಲ್ಲಿ ಹೈಕೋರ್ಟ್ ಹೇಳಿತು. ಅಲ್ಲಿಂದ ಮುಂದೆ 2014ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಬಾಡಿಗೆ ಏಜೆಂಟರು ದೂರು ಪರಿಹಾರ ವ್ಯವಸ್ಥೆಯೊಂದರ ಸದಸ್ಯರಾಗಲೇಬೇಕಾಯಿತು. 2019ರ ಏಪ್ರಿಲ್‌ನಿಂದ ಗ್ರಾಹಕರ ಹಣ ಹಿಡಿದಿಟ್ಟುಕೊಳ್ಳುವ ಏಜೆಂಟರು ಅದಕ್ಕೆ ರಕ್ಷಣಾ ಯೋಜನೆಯನ್ನೂ ಮಾಡಿಸಬೇಕಾಯಿತು. ನಮ್ಮಲ್ಲಿ ಅಷ್ಟಿಲ್ಲ. ಏಜೆಂಟನ ಖಾತೆಯಲ್ಲಿ ಓನರ್‌ನ ಬಾಡಿಗೆ, ಬಾಡಿಗೆದಾರನ ಅಡ್ವಾನ್ಸು, ಏಜೆಂಟನ ಮಗಳ ಕಾಲೇಜು ಫೀಸು ಎಲ್ಲ ಒಂದೇ ಕಡೆ ಬಿದ್ದಿರಬಹುದು.

ಕಂಪನಿಯ ಕೈಗೆ ಕೊಟ್ಟರೆ ಈ ರಗಳೆ ಇರುವುದಿಲ್ಲ ಎಂದು ನಂಬಿದವರೂ ಇದ್ದಾರೆ. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನೆಸ್ಟ್‌ಅವೇ ಆ್ಯಪ್ ಮೂಲಕ ಮನೆ ನೋಡಿಕೊಳ್ಳುವ ವ್ಯವಹಾರವನ್ನು ದೊಡ್ಡದು ಮಾಡಿತು. 2023ರಲ್ಲಿ ಅದನ್ನು ಔರಮ್ ಪ್ರಾಪ್‌ಟೆಕ್ ಸುಮಾರು 90 ಕೋಟಿ ರೂಪಾಯಿಗೆ ಕೊಂಡಿತು. ಕಂಪನಿಗಳ ಅನುಕೂಲವೆಂದರೆ ಎಲ್ಲವೂ ಬರವಣಿಗೆಯಲ್ಲಿ ಇರುತ್ತದೆ. ಅನಾನುಕೂಲವೂ ಅದೇ. ಇಷ್ಟು ರೂಪಾಯಿವರೆಗಿನ ರಿಪೇರಿಗೆ ಕೇಳಬೇಕಾಗಿಲ್ಲ, ಕಂಪನಿಯ ದರವೇ ಅಂತಿಮ ಎಂಬ ಸಾಲುಗಳಿಗೆ ನಾವು ಬೆರಳೊತ್ತಿ ಒಪ್ಪಿಬಿಟ್ಟಿರುತ್ತೇವೆ. ಅಡ್ವಾನ್ಸು ಯಾರ ಬಳಿ ಇರುತ್ತದೆ, ಕಂಪನಿ ಕೈ ಬದಲಾದರೆ ಯಾರು ಹೊಣೆ ಎಂಬುದನ್ನು ಸಹಿಗೆ ಮುಂಚೆ ಓದಿದ ಓನರ್ ಅಪರೂಪ.

ಸರಿಯಾದ ಬಾಗಿಲು ಯಾವುದು ಹಾಗಾದರೆ? ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕೊಟ್ಟ ಸೇವೆಗೆ ಬಿಲ್ಲು, ರಸೀತಿ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿಸಿದ್ದಾರೆ. ದೂರುದಾರ ತಾನಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಹಾಸನದಲ್ಲಿರುವ ಓನರ್ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷ ಅವಕಾಶ. ಒಂದು ಎಚ್ಚರಿಕೆ: ಹತ್ತಾರು ಮನೆ ಬಾಡಿಗೆಗೆ ಬಿಟ್ಟವನನ್ನು 'ಇವನು ಗ್ರಾಹಕನೇ ಅಲ್ಲ, ವ್ಯಾಪಾರಿ' ಎಂದು ಎದುರಿನ ವಕೀಲರು ವಾದಿಸದೆ ಬಿಡುವುದಿಲ್ಲ. ಒಂದೋ ಎರಡೋ ಮನೆ ಇರುವವರಿಗೆ ಆ ವಾದ ಎದುರಿಸುವುದು ಸುಲಭ. ಆಯೋಗದ ದಾರಿ ಕೈಕೊಟ್ಟರೆ ಸಿವಿಲ್ ಕೋರ್ಟಿದೆ. ಅಲ್ಲಿ ಏಜೆಂಟನಿಂದ ಲೆಕ್ಕದ ಹಣ ಕೇಳಲು ಮೂರು ವರ್ಷ ಅವಕಾಶವಿದ್ದು, ಲೆಕ್ಕ ಕೇಳಿ ಅವನು ನಿರಾಕರಿಸಿದ ದಿನದಿಂದ ಅದು ಎಣಿಕೆಯಾಗುತ್ತದೆ. ನೇರ ಪೊಲೀಸ್ ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳಿಸುವುದೇ ಹೆಚ್ಚು. ಓನರ್‌ಗೆ ತಿಂಗಳ ಬಾಡಿಗೆ ಎಂದು ಹೇಳಿ, ಒಳಗಿರುವವರಿಂದ ಲಕ್ಷಗಟ್ಟಲೆ ಭೋಗ್ಯದ ಹಣ ಎತ್ತುವ ಬ್ರೋಕರನ ವಿಷಯ ಬೇರೆ. ಅದು ವಂಚನೆ, ಅಲ್ಲಿ ಠಾಣೆಗೇ ಹೋಗಬೇಕು.

ಕೇಸಿಗಿಂತ ಮೊದಲು ಒಂದು ಕಾಗದ ಬರೆಯಿರಿ. ಅದರಲ್ಲಿ ಸಿಟ್ಟು ಬೇಡ, ಪ್ರಶ್ನೆಗಳಿರಲಿ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಬಂದ ಒಟ್ಟು ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು, ಹಳಬರಿಂದ ಹಿಡಿದುಕೊಂಡದ್ದು ಎಷ್ಟು, ಪ್ರತಿ ಖರ್ಚಿನ ಬಿಲ್ಲು ಎಲ್ಲಿ, ಹಣ ಪಡೆದವನಿಗೆ ಹೇಗೆ ಪಾವತಿಯಾಯಿತು, ನಾನು ಒಪ್ಪಿಗೆ ಕೊಟ್ಟದ್ದು ಯಾವಾಗ. ಪೇಂಟರ್ ಬಿಲ್ಲು ಕೊಡುವುದಿಲ್ಲ ಅಂದರೆ ಯುಪಿಐ ಪಾವತಿಯ ಚಿತ್ರ ಕೇಳಿ. ಈ ಕಾಲದಲ್ಲಿ ಪೇಂಟರ್‌ಗೂ ಕ್ಯೂಆರ್ ಕೋಡ್ ಇದೆ. ಚೀಟಿಯಲ್ಲಿ ಶೇ 18ರ ಜಿಎಸ್‌ಟಿ ಹಾಕಿದ್ದರೆ ನೋಂದಣಿ ಸಂಖ್ಯೆ ಕೇಳಿ. ಅದು 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ನೋಂದಣಿ ಇಲ್ಲದವನು ತೆರಿಗೆ ಎಂದು ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ. ಉತ್ತರಕ್ಕೆ 15 ದಿನ ಕೊಡಿ. ವಾಟ್ಸ್‌ಆ್ಯಪ್, ಇಮೇಲ್ ಎರಡರಲ್ಲೂ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀತಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟಿಗೇ ಸೇರಿಸಿಬಿಟ್ಟಿದೆ.

ಹೀಗೆ ಬರೆಯಲು ಎಷ್ಟೋ ಓನರುಗಳು ಹಿಂಜರಿಯುವುದಕ್ಕೆ ನಿಜವಾದ ಕಾರಣ ಬೇರೆ. ಬಾಡಿಗೆಯನ್ನು ಕ್ಯಾಶ್‌ನಲ್ಲೇ ಕೊಡು ಎಂದು ಬ್ರೋಕರನಿಗೆ ಕಲಿಸಿದವರು ಅವರೇ. ಆದಾಯ ತೆರಿಗೆಯಲ್ಲಿ ತೋರಿಸದ ಬಾಡಿಗೆಗೆ ಬ್ರೋಕರನಿಂದ ಲೆಕ್ಕ ಕೇಳುವುದು ಹೇಗೆ? ಇದು ಅವನಿಗೂ ಗೊತ್ತು, ಅದೇ ಅವನ ಧೈರ್ಯ. ಬ್ಯಾಂಕ್ ಮೂಲಕ ಪಡೆಯುವವರೂ ಒಂದು ಮಾತು ಗಮನಿಸಬೇಕು. ಖಾತೆಗೆ ಬಿದ್ದದ್ದು 6,250 ಆದರೂ ತೆರಿಗೆಗೆ ತೋರಿಸಬೇಕಾದದ್ದು 28,000. ರಿಪೇರಿ, ಕಮಿಷನ್ ಎಷ್ಟೇ ಆಗಲಿ, ಅವುಗಳಿಗೆಂದು ಸಿಗುವುದು ಕಟ್ಟಿದ ಆಸ್ತಿ ತೆರಿಗೆ ಕಳೆದ ಮೊತ್ತದ ಮೇಲೆ ಶೇ 30ರ ಒಂದೇ ಕಡಿತ. ಅಂದರೆ ಬ್ರೋಕರ್ ಸುಳ್ಳು ಖರ್ಚು ಬರೆದ ಹಣಕ್ಕೂ ತೆರಿಗೆ ಕಟ್ಟುವವನು ಓನರೇ.

ಬ್ರೋಕರನನ್ನು ಬಿಡಿಸಲು ತೀರ್ಮಾನಿಸಿದರೆ ಅದೇ ದಿನ ಬಾಡಿಗೆದಾರರಿಗೆ ಬರೆದು ತಿಳಿಸಿ. ಏಜೆನ್ಸಿ ರದ್ದಾದದ್ದು ಮೂರನೆಯವರ ಮಟ್ಟಿಗೆ ಜಾರಿಗೆ ಬರುವುದು ಅವರಿಗೆ ತಿಳಿದಾಗ, ಇದು 208ನೇ ಸೆಕ್ಷನ್. ಏನೂ ತಿಳಿಯದ ಹುಡುಗರು ಹಳೆಯ ಬ್ರೋಕರನಿಗೇ ಈ ತಿಂಗಳ ಬಾಡಿಗೆ ಕೊಟ್ಟರೆ ಅವರು ಕೊಟ್ಟಂತೆಯೇ ಲೆಕ್ಕ. ಅವರ ಮನೆಯ ನೀರು ಬಂದ್ ಮಾಡಿ, ಕರೆಂಟ್ ತೆಗೆಸಿ ಎರಡನೇ ಸಲ ವಸೂಲಿ ಮಾಡಲು ಹೋಗುವುದು ಅನ್ಯಾಯ. ಕೀಲಿಕೈ, ಕಾಗದಪತ್ರ ತನ್ನಲ್ಲೇ ಇಟ್ಟುಕೊಂಡು ಬಾಕಿ ಕೊಟ್ಟರೆ ಕೊಡುತ್ತೇನೆ ಎನ್ನುವ ಬ್ರೋಕರನಿಗೂ ಸ್ವಲ್ಪ ಕಾನೂನಿನ ಆಸರೆ ಇದೆ ಎಂಬುದನ್ನು ಮರೆಯಬಾರದು: ಬೇರೆ ಕರಾರು ಇಲ್ಲದಿದ್ದಲ್ಲಿ, ನಿಜವಾದ ಬಾಕಿಗೆ ಮಾಲೀಕನ ವಸ್ತುವನ್ನು ತಡೆಹಿಡಿಯಲು 221ನೇ ಸೆಕ್ಷನ್ ಅವನಿಗೆ ಹಕ್ಕು ಕೊಟ್ಟಿದೆ. ಆ ಹಕ್ಕು ಬೇಡವಾದರೆ ಕರಾರಿನಲ್ಲೇ ತೆಗೆಯಿಸಬೇಕು.

ಅದಕ್ಕೆ ಕರಾರು ಇರಬೇಕಲ್ಲ! ಬಾಡಿಗೆದಾರನ ಜೊತೆ 11 ತಿಂಗಳ ಅಗ್ರಿಮೆಂಟಿಗೆ ಸ್ಟಾಂಪ್ ಪೇಪರ್ ತರುವ ಓನರ್, ಬ್ರೋಕರನ ಜೊತೆ ಒಂದು ಬಿಳಿ ಹಾಳೆಯನ್ನೂ ಬರೆಸುವುದಿಲ್ಲ. ಒಳ್ಳೆಯ ಬ್ರೋಕರುಗಳು ಇದ್ದಾರೆ. ಪರೀಕ್ಷೆ ಮುಗಿದ ವಾರ ಮೂರು ಮನೆ ಖಾಲಿಯಾದರೆ ಓಡಾಡಿ ತುಂಬಿಸುವವರು, ಮೋಟಾರ್ ಕೆಟ್ಟರೆ ತಾವೇ ಬಂದು ನಿಲ್ಲುವವರು. ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಮುಂಚೆಯೇ ಗೊತ್ತುಮಾಡಿ, ಧಾರಾಳವಾಗಿ ಕೊಡಿ. ಆದರೆ ಬಾಡಿಗೆಯೂ ಅಡ್ವಾನ್ಸೂ ಬಾಡಿಗೆದಾರರಿಂದ ನೇರ ನಿಮ್ಮ ಖಾತೆಗೆ ಬರಲಿ; ಬ್ರೋಕರನ ಹಣವನ್ನು ಅವನ ಬಿಲ್ಲು ನೋಡಿ ನೀವು ಕಳಿಸಿ. ತುರ್ತು ರಿಪೇರಿಗೆ ಒಂದು ಮಿತಿ ಹಾಕಿ, ಅದನ್ನು ಮೀರಿದರೆ ಫೋಟೊ ಮತ್ತು ಒಪ್ಪಿಗೆ ಬೇಕು ಎಂದು ಬರೆಯಿರಿ. ಈಗಾಗಲೇ ಮುರಿದುಕೊಂಡ ಹಣದ ತಕರಾರು ಇರುವವರು ಈ ವಾರವೇ ಕಾಗದ ಹಾಕಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.